ಶನಿವಾರದ ಯಶೋಗಾಥೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಾಲ್ಕು ತಾಲ್ಲೂಕು, ನೂರಾ ಹನ್ನೊಂದು ಹೈಸ್ಕೂಲು, ಮಕ್ಕಳ ಆಪ್ತ ಸಮಾಲೋಚಕ ಮಾತ್ರ ಒಬ್ಬನೇ. ಆ ಒಬ್ಬ ನಾನು, ಮೋಹನ್‌ಕುಮಾರ್. ನನ್ನಂಥ ಸಮಾಲೋಚಕ ಈ ಭೂಮಿ ಮೇಲೆ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ನಾನು ಹಿರಿಯೂರಿನಲ್ಲಿ ಬಸ್ಸಿಳಿದರೆ ಹೊಳಲ್ಕೆರೆಯಲ್ಲಿ ಅಳುತ್ತಿದ್ದ ಮಗು ಸುಮ್ಮನಾಗುತ್ತಿತ್ತು. ಪರೀಕ್ಷೆ ಭಯಕ್ಕೆ ಜ್ವರ ಬಂದು ಮಲಗಿದ್ದ ಹುಡುಗನ ಹತ್ತಿರ ಕಾಲು ಗಂಟೆ ಕೂತು ಮಾತಾಡಿದರೆ ಸಾಕು, ಅವನು ಎದ್ದು ಹೋಗಿ ಗಣಿತದ ಮೇಷ್ಟ್ರಿಗೇ ಲೆಕ್ಕ ಹೇಳಿಕೊಟ್ಟು ಬರುತ್ತಿದ್ದ. ರಾಮಗಿರಿ ಸ್ಟೇಷನ್ನಿನಲ್ಲಿ ನಿಲ್ಲದ ರೈಲು ಕೂಡ ನನ್ನ ಹೆಗಲಚೀಲ ಕಂಡು ಒಂದು ಗಳಿಗೆ ಯೋಚನೆ ಮಾಡುತ್ತಿತ್ತು.

ಇದನ್ನೆಲ್ಲ ನಂಬಲೇಬೇಕೆಂದಿಲ್ಲ. ಒಂದು ಶನಿವಾರದ ವಿಷಯ ಮಾತ್ರ ನಂಬಿ, ಅದರಲ್ಲಿ ನಾನು ಏನೂ ಸೇರಿಸಿಲ್ಲ. ಸೇರಿಸುವುದೆಲ್ಲ ಅದಕ್ಕೆ ಎರಡು ದಿನ ಮೊದಲೇ ಮುಗಿದಿತ್ತು.

ತಿಂಗಳಿಗೊಮ್ಮೆ ನಾನು ‘ಆಪ್ತವಾಣಿ’ ಅಂತ ಎಂಟು ಪುಟದ ವಾರ್ತೆ ತಯಾರಿಸಿ ಎಲ್ಲ ಶಾಲೆಗಳ ವಾಟ್ಸಾಪ್ ಗುಂಪಿಗೆ ಬಿಡುತ್ತಿದ್ದೆ. ಇಲಾಖೆಯ ಹೊಸ ಸುತ್ತೋಲೆ, ಶಿಕ್ಷಕರ ತರಬೇತಿಯ ದಿನಾಂಕ, ಮಗು ಊಟ ಬಿಟ್ಟರೆ ಏನು ಕೇಳಬೇಕು, ಕೈ ಮೇಲೆ ಬ್ಲೇಡಿನ ಗೀರು ಕಂಡರೆ ಏನು ಕೇಳಬಾರದು, ಮಕ್ಕಳ ಸಹಾಯವಾಣಿಯ ನಂಬರು, ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿಯ ಕೊನೇ ದಿನ, ಎಲ್ಲ ಅದರಲ್ಲಿರುತ್ತಿತ್ತು. ಈ ಏಳು ಪುಟಗಳನ್ನು ಒಂದು ಇರುವೆಯೂ ಓದುತ್ತಿರಲಿಲ್ಲ. ಎಂಟನೇ ಪುಟ ಮಾತ್ರ ನಾಲ್ಕು ತಾಲ್ಲೂಕಿನಲ್ಲೂ ಹೆಸರುವಾಸಿ. ಅದು ‘ಈ ತಿಂಗಳ ಯಶೋಗಾಥೆ’. ಮೂರು ದಿನ ಶಾಲೆ ತಪ್ಪಿಸಿದ ಹುಡುಗ ನನ್ನ ಕೈಯಲ್ಲಿ ಮೂರು ವರ್ಷ ತಪ್ಪಿಸಿದವನಾಗುತ್ತಿದ್ದ. ಕುಡಿದು ಬರುವ ಅಪ್ಪ ಕೊಡಲಿ ಹಿಡಿದು ಬರುತ್ತಿದ್ದ. ಕೊನೆಯಲ್ಲಿ ಎಲ್ಲರೂ ಅತ್ತು ಒಂದಾಗುತ್ತಿದ್ದರು. ಯಾರ ಹೆಸರನ್ನೂ ಹಾಕುತ್ತಿರಲಿಲ್ಲವಾದ್ದರಿಂದ ಯಾರಿಗೂ ನಷ್ಟವಿರಲಿಲ್ಲ. ಈ ಪುಟವನ್ನು ಮಕ್ಕಳಿಗೆ ಸ್ಫೂರ್ತಿಯಾಗಲೆಂದು ಶನಿವಾರದ ಪ್ರಾರ್ಥನೆಯಲ್ಲಿ ಓದಿಸಬೇಕೆಂದು ಹೆಡ್‌ಮೇಷ್ಟ್ರುಗಳಿಗೆಲ್ಲ ಬರೆದವನೂ ನಾನೇ.

ಹಾಲುರಾಮೇಶ್ವರದ ರಸ್ತೆಯಲ್ಲಿ ಹೋಗಿ ಎಡಕ್ಕೆ ತಿರುಗಿದರೆ ಒಂದು ಹೈಸ್ಕೂಲು ಇದೆ. ಹೆಸರು ಬೇಡ. ಅಲ್ಲಿ ನನ್ನ ಸಮಾಲೋಚನಾ ಕೊಠಡಿ ಎಂದರೆ ವಿಜ್ಞಾನದ ಪ್ರಯೋಗಾಲಯ. ಗಾಜಿನ ಜಾಡಿಯೊಳಗೆ ಒಂದು ಓತಿಕ್ಯಾತ, ಗೋಡೆಗೆ ಅಸ್ಥಿಪಂಜರದ ಚಿತ್ರ, ಮೂಲೆಯಲ್ಲಿ ಬೀಗ ಕೆಟ್ಟ ಬೀರು, ನಡುವೆ ನಾನು. ಬಾಗಿಲಿಗೆ ನಾನೇ ಅಂಟಿಸಿದ ಕಾಗದ: ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ.’

ಜೂನ್ ತಿಂಗಳ ಮೊದಲ ಮಂಗಳವಾರ ಒಂಬತ್ತನೇ ಕ್ಲಾಸಿನ ಮೋನಿಕಾ ಆ ಕಾಗದವನ್ನು ಎರಡು ಸಲ ಓದಿ ಒಳಗೆ ಬಂದಳು. ಅವಳ ಪರಿಚಯ ಆ ಶಾಲೆಯಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ದಿನಾ ಪ್ರಾರ್ಥನೆಯಲ್ಲಿ ಮೈಕಿನ ಮುಂದೆ ನಿಂತು ವಾರ್ತೆ ಓದುವವಳು ಅವಳೇ. ಅಂಥ ದನಿ. ಅವಳು ‘ಇಂದಿನ ಹವಾಮಾನ’ ಎಂದರೆ ಮೋಡ ನಿಂತು ಕೇಳಿಸಿಕೊಳ್ಳುತ್ತಿತ್ತು. ಒಂದು ಅಕ್ಷರ ನುಂಗಿದವಳಲ್ಲ, ಒಂದು ಸಾಲು ಬಿಟ್ಟವಳಲ್ಲ.

“ಸಾರ್, ಬಾಗ್ಲಲ್ಲಿ ಬರ್ದೈತಲ್ಲ, ಅದು ನಿಜನಾ?”

“ನಿಜ ಅಂದ್ರೆ ಎಂಥಾ ನಿಜ! ಏಳು ಸುತ್ತಿನ ಕೋಟೆ ಬೇಕಾದ್ರೆ ಒಡೀಬಹುದು, ಈ ಮೋಹನ್‌ಕುಮಾರನ ಬಾಯಿ ಬಿಡಿಸಾಕೆ ಆಗಲ್ಲ ಕಣಮ್ಮ.”

“ಕೋಟೆ ಒಡೆದ್ರಲ್ಲ ಸಾರ್ ಕೊನಿಗೆ,” ಅಂದಳು. ನಕ್ಕಳು. ಆಮೇಲೆ ಕೂತಳು.

ತಾಯಿ ಅವಳನ್ನು ಹೆತ್ತ ವಾರದಲ್ಲೇ ತೀರಿಕೊಂಡಿದ್ದಳು. ಅಪ್ಪ ಬೇರೆ ಮದುವೆಯಾಗಿ ಬೇರೆ ಊರು ಸೇರಿದ್ದ. ಅವಳನ್ನು ಸಾಕಿದ್ದು ಅಜ್ಜಿ ಜುಂಜಮ್ಮ ಮತ್ತು ಸೋದರಮಾವ ಪಾಲಯ್ಯ. ಪಾಲಯ್ಯನಿಗೆ ಮೂವತ್ತೊಂದು. ದಸರಾ ಕಳೆದ ಮೇಲೆ ಮೋನಿಕಾಳನ್ನು ಅವನಿಗೇ ಕೊಡುವುದೆಂದು ನೆಂಟರು ಮಾತಾಡಿಕೊಂಡಿದ್ದರು. ಯಾರೂ ಅವಳನ್ನು ಬೈದಿರಲಿಲ್ಲ, ಹೊಡೆದಿರಲಿಲ್ಲ. ಮನೆಯಲ್ಲೇ ಇದ್ದ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂಬಷ್ಟು ಸಹಜವಾಗಿ ಆ ಮಾತು ಆಗಿತ್ತು.

“ಹತ್ತು ಒಂಬತ್ತು ಎಂಟಕ್ಕೆ ಈಗ್ಲೇ ಫೋನ್ ಮಾಡ್ತೀನಿ,” ಅಂದೆ. ಅದು ಮಕ್ಕಳ ಸಹಾಯವಾಣಿ, ನಿಯಮ ಅದೇ.

“ಬ್ಯಾಡ ಸಾರ್. ಹೋದ್ ವರ್ಷ ನಮ್ಮೂರ ಬೋರಕ್ಕನ ಮಗಳಿಗೆ ಹಂಗೇ ಆತು. ಜೀಪ್ ಬಂತು, ಮನೇರತ್ರ ಬರೆಸ್ಕಂಡ್ರು, ಹೋದ್ರು. ಮೂರನೇ ದಿನಕ್ಕೆ ಗಡಿ ದಾಟಿಸಿ ಯಾವ್ದೋ ಗುಡೀಲಿ ತಾಳಿ ಕಟ್ಟಿಸಿದ್ರು. ಜೀಪ್ ಬಂದ್ರೆ ನಾನು ಮುಗ್ದೆ.”

“ಮತ್ತೇನು ಮಾಡಾಣ ಹೇಳು.”

“ಹಾಸ್ಟೆಲ್ ಸಾರ್. ಚಿತ್ರದುರ್ಗದ್ದು. ನಿಮ್ ವಾರ್ತೇಲೇ ಐತಲ್ಲ, ಐದನೇ ಪುಟ. ಹದಿನೈದು ಕೊನೇ ದಿನ. ಪೋಷಕರ ಸಹಿ ಬೇಕು ಅಂತೈತೆ. ಅಜ್ಜಿ ಹೆಬ್ಬೆಟ್ಟು ಒತ್ತುತ್ತಂತೆ. ಮಾವನಿಗೆ ಗೊತ್ತಾಗದಂಗೆ.”

ಐದನೇ ಪುಟ! ನಾಲ್ಕು ವರ್ಷದಲ್ಲಿ ಐದನೇ ಪುಟ ಓದಿದ ಮೊದಲ ಮನುಷ್ಯ ಜೀವಿ ನನ್ನ ಮುಂದೆ ಕೂತಿತ್ತು. ಹೆಡ್‌ಮೇಷ್ಟ್ರು ಹೇಳಿ ತೆಗೆಸಿದ ಜೆರಾಕ್ಸಿನ ಹಾಳೆಗಳನ್ನು ಅವಳು ಆಫೀಸ್ ಕೋಣೆಯಿಂದ ತಂದು ಓದುತ್ತಿದ್ದಳಂತೆ. ನನ್ನ ಎದೆ ಚಂದ್ರವಳ್ಳಿಯ ಗುಡ್ಡದಷ್ಟು ಉಬ್ಬಿತು. ಅರ್ಜಿ ನಾನೇ ತರುತ್ತೇನೆ, ಟಿ.ಸಿ.ಯನ್ನೂ ನಾನೇ ತೆಗೆಸುತ್ತೇನೆ, ಯಾರ ಕಿವಿಗೂ ಬೀಳಿಸುವುದಿಲ್ಲ ಅಂತ ಮಾತು ಕೊಟ್ಟೆ. ಆ ಮಾತು ಕೊಡುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ.

ಸಂತೆಯ ದಿನ ಹೊಸದುರ್ಗದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಹತ್ತಿರ ಜುಂಜಮ್ಮ ಸಿಕ್ಕಳು. ಒಣ ಸೌದೆಯಂಥ ಮುದುಕಿ. ಕೈಚೀಲದ ತುಂಬ ಹುಣಸೆಹಣ್ಣು.

“ಬರ್ರಿ ಅಮ್ಮ, ಕುಂತ್ಕಳ್ರಿ.”

“ನೀನೇನಪ್ಪ ಮಕ್ಳತ್ರ ಮಾತಾಡೋ ಮೇಷ್ಟ್ರು? ಬರೀ ಮಾತಾಡಾಕೆ ಸರ್ಕಾರ ಸಂಬ್ಳ ಕೊಡ್ತೈತಾ?”

“ಕೊಡ್ತೈತೆ ಅಮ್ಮ.”

“ನಾನು ಅರವತ್ತು ವರ್ಷದಿಂದ ಮಾತಾಡ್ತಿದೀನಿ, ನಂಗ್ಯಾರೂ ಕೊಡ್ಲಿಲ್ವಲ್ಲ.” ನಗಲಿಲ್ಲ. “ತಗಿ, ಎಲ್ಲಿ ಒತ್ತಬೇಕು? ನಾನು ನಮ್ ಮಾವನ್ನೇ ಕಟ್ಕಂಡೆ, ಹದಿಮೂರಕ್ಕೆ. ನನ್ನ ಮಗಳಿಗೆ ಹದಿನೈದಕ್ಕೆ ಮಾಡಿದ್ವಿ. ಈ ಕೂಸು ಹೆತ್ತು ಹೋದ್ಲು. ಸಾಕು. ಆದ್ರೆ ಗದ್ಲ ಬ್ಯಾಡ. ನನ್ನ ಮಗ ಕೆಟ್ಟೋನಲ್ಲ. ಅವನ ಮುಂದೆ ಮರ್ಯಾದಿ ಒಂದು ಹೋಗಬಾರ್ದು, ಅಷ್ಟೇ.”

ಸ್ಟಾಂಪ್ ಪ್ಯಾಡಿನ ನೇರಳೆ ಮಸಿಯಲ್ಲಿ ಅವಳ ಹೆಬ್ಬೆಟ್ಟು ಅದ್ದಿ ಅರ್ಜಿಗೊಂದು, ಟಿ.ಸಿ. ಕೋರಿಕೆಗೊಂದು ಒತ್ತಿಸಿದೆ. ಅವಳು ಚೀಲದಿಂದ ಒಂದು ಉಂಡೆ ಹುಣಸೆಹಣ್ಣು ಮುರಿದು, ಉಗುಳು ಹಚ್ಚಿ ಹೆಬ್ಬೆಟ್ಟನ್ನು ತಿಕ್ಕತೊಡಗಿದಳು.

“ಮನೆಗೆ ಹೋಗೋದ್ರೊಳಗೆ ಬಿಡಬೇಕು. ಪಾಲ ನನ್ನ ಕೈ ನೋಡ್ತಾನೆ. ಒಂದ್ಸಲ ಅವನ್ನ ಕೇಳ್ದಂಗೆ ಎಲ್ಲೋ ಒತ್ತಿದ್ದೆ ಅಂತ ಮೂರು ದಿನ ಮಾತು ಬಿಟ್ಟಿದ್ದ.”

ಬಸ್ಸು ಬರುವವರೆಗೂ ತಿಕ್ಕಿದಳು. ಉಗುರಿನ ಸಂದಿಯಲ್ಲಿ ಮಾತ್ರ ನೇರಳೆ ಉಳಿಯಿತು. ಸಂಜೆ ಪಾಲಯ್ಯ ಅದನ್ನು ಕೇಳೇ ಕೇಳಿದನಂತೆ. ಪಿಂಚಣಿ ಕಾಗದಕ್ಕೆ ಅಂದಳಂತೆ. ಸರಿ ಅಂದನಂತೆ. ಇದನ್ನು ಮೋನಿಕಾ ನನಗೆ ಆಮೇಲೆ ಹೇಳಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಿದ್ದಳು.

ಜುಲೈ ಕೊನೇ ಬುಧವಾರ ಹಾಸ್ಟೆಲ್ ಪಟ್ಟಿ ಬಂತು. ಮೋನಿಕಾಳ ಹೆಸರು ಹದಿನೇಳನೆಯದು. ಸೋಮವಾರ ಹೋಗಿ ಸೇರಬೇಕು. ಗುರುವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಅವಳಿಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಜಾಡಿಯೊಳಗಿನ ಓತಿಕ್ಯಾತವನ್ನು ನೋಡುತ್ತ, “ಹೊದಿಕೆ ನಾವೇ ತಗಂಡು ಹೋಗ್ಬೇಕಾ ಸಾರ್?” ಅಂದಳು.

“ಹೂಂ. ತಟ್ಟೆ, ಲೋಟಾನೂ.”

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಬರುವಾಗ ಒಂದು ತಟ್ಟೆ, ಒಂದು ಲೋಟ, ಹಳೇ ಕೆಂಪು ಹೊದಿಕೆ ಗಂಟು ಕಟ್ಟಿ ತಂದು ಬೀಗ ಕೆಟ್ಟ ಬೀರುವಿನಲ್ಲಿಟ್ಟಳು. ಶನಿವಾರ ಟಿ.ಸಿ., ಸೋಮವಾರ ಏಳೂವರೆ ಬಸ್ಸು. ಪಾಲಯ್ಯನಿಗೆ ಸೋಮವಾರ ರಾತ್ರಿ ಅಜ್ಜಿಯೇ ಹೇಳುವುದು. ಎಲ್ಲ ಅಂದುಕೊಂಡಂತೆ ನಡೆಯುತ್ತಿತ್ತು.

ಅವತ್ತೇ ಹೊಳಲ್ಕೆರೆಯಿಂದ ಚಿತ್ರದುರ್ಗದ ಬಸ್ಸಿನಲ್ಲಿ ಕೂತಿದ್ದಾಗ ಜಿಲ್ಲಾ ಕಚೇರಿಯಿಂದ ನನ್ನ ಮೇಲಧಿಕಾರಿ ಉಷಾ ಮೇಡಂ ಫೋನು.

“ಮೋಹನ್‌ಕುಮಾರ್, ನಾಳೆ ವಾರ್ತೆ ಹೋಗಬೇಕು. ಏಳು ಪುಟ ಬಂದಿದೆ. ಯಶೋಗಾಥೆ ಎಲ್ಲಿ?”

“ಈ ತಿಂಗಳು...” ಅಂದೆ.

“ಇಲ್ಲ ಅನ್ನಬೇಡಿ. ಜನ ಕಾಯೋದೇ ಅದಕ್ಕೆ.”

ಜನ ಕಾಯುತ್ತಾರೆ ಎಂಬ ಮಾತು ನನ್ನಂಥವನಿಗೆ ಹೆಂಡ ಇದ್ದ ಹಾಗೆ. ಬಸ್ಸಿನ ಕುಲುಕಾಟದಲ್ಲೇ ಮೊಬೈಲಿನಲ್ಲಿ ಬರೆಯಲು ಶುರು ಮಾಡಿದೆ. ಊರಿನ ಹೆಸರು ಬರೆಯಲಿಲ್ಲ. ಹುಡುಗಿಯ ಹೆಸರನ್ನು ರಮ್ಯಾ ಅಂತ ಮಾಡಿದೆ. ಎಷ್ಟು ಎಚ್ಚರಿಕೆ ನೋಡಿ! ಒಂಬತ್ತನೇ ಕ್ಲಾಸನ್ನು ಎಂಟು ಮಾಡಿದೆ. ಸೋದರಮಾವನನ್ನು ರಾಕ್ಷಸ ಮಾಡಿದೆ. ಅವನಿಗೆ ಕೆಂಡದಂಥ ಕಣ್ಣು ಕೊಟ್ಟೆ, ಕೈಗೆ ಬೆಲ್ಟು ಕೊಟ್ಟೆ. ಅಜ್ಜಿಯನ್ನು ಕತ್ತಲಕೋಣೆಯಲ್ಲಿ ಕೂಡಿಹಾಕಿಸಿದೆ. ಎಲ್ಲವನ್ನೂ ಬದಲಿಸಿದವನಿಗೆ ಒಂದನ್ನು ಬದಲಿಸಲು ಮನಸ್ಸು ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಹುಣಸೆಹಣ್ಣಿನಿಂದ ಹೆಬ್ಬೆಟ್ಟು ತಿಕ್ಕುವ ಮುದುಕಿ. ನಾನು ಎಷ್ಟೇ ತಿಣುಕಿದರೂ ಅಂಥದ್ದೊಂದನ್ನು ಕಟ್ಟಲಾರೆ ಅಂತ ನನಗೆ ಗೊತ್ತಿತ್ತು. ಅದನ್ನು ಹಾಗೇ ಬರೆದೆ. ಉಗುರಿನ ಸಂದಿಯ ನೇರಳೆ ಸಮೇತ. ಪಿಂಚಣಿಯ ನೆಪದ ಸಮೇತ.

ಸೋಮವಾರಕ್ಕೆ ಮೊದಲು ಶನಿವಾರ ಬರುತ್ತದೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ಇರುವುದು ಮಕ್ಕಳು ಮಾತ್ರ, ಮೂರು ಮಾತು ಕೇಳುವಷ್ಟರಲ್ಲಿ ಹತ್ತು ಸಲ ಆಕಳಿಸುತ್ತವೆ, ಯಾರಿಗೆ ಏನು ಗೊತ್ತಾಗುತ್ತದೆ ಅಂದುಕೊಂಡೆ. ಇನ್ನೊಂದೂ ಇತ್ತು. ಅವಳ ದನಿಯಲ್ಲಿ ನನ್ನ ಸಾಲುಗಳನ್ನು ಕೇಳುವ ಆಸೆ ಇರಲಿಲ್ಲವೆಂದರೆ ನನ್ನ ನಾಲಿಗೆ ಸೀಳಬೇಕು. ಓದುತ್ತ ಓದುತ್ತ ಅವಳಿಗೆ ಇದು ತನ್ನದೇ ಕಥೆ ಎಂದು ಹೊಳೆಯುತ್ತದೆ, ನನ್ನ ಕಡೆ ನೋಡಿ ಗುಟ್ಟಾಗಿ ನಗುತ್ತಾಳೆ ಅಂತ ನಾನು ಎಣಿಸಿದ್ದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಶಾಲೆ ಮುಟ್ಟಿದೆ. ಹೆಡ್‌ಮೇಷ್ಟ್ರು ಏಕಾಂತಪ್ಪನವರು ಗೇಟಿಗೇ ಬಂದರು. ಈ ಟಿ.ಸಿ. ಏಕೆ ಎಂದು ಅವರು ಕೇಳಿರಲಿಲ್ಲ. ಅಜ್ಜಿಯ ಹೆಬ್ಬೆಟ್ಟಿದ್ದ ಕಾಗದ ಕಂಡರೆ ಅವರಿಗೆ ಸಾಕಾಗಿತ್ತು.

“ಬರ್ರಿ ಬರ್ರಿ ಸಾಹಿತಿಗಳು! ಟಿ.ಸಿ. ಆಮೇಲೆ ಕೊಡ್ತೀನಿ, ಮೊದ್ಲು ನಿಮ್ಮ ಗಾಥೆ ಕೇಳಾಣ. ಜೆರಾಕ್ಸ್ ಈಗ ಬಂತು, ನಾನೂ ಓದಿಲ್ಲ.”

ಮಕ್ಕಳು ಸಾಲಾಗಿ ನಿಂತಿದ್ದರು. ಗೇಟಿನ ಹತ್ತಿರ ಒಂದು ಮೊಪೆಡ್ಡು ನಿಂತಿತು. ಪಾಲಯ್ಯ. ಶಾಲೆಯ ಉಸ್ತುವಾರಿ ಸಮಿತಿಯ ಸದಸ್ಯ. ಮಕ್ಕಳ ಊಟಕ್ಕೆ ಮೊಟ್ಟೆ ತರುವವನು ಅವನೇ ಎಂದು ನನಗೆ ತಿಳಿದಿತ್ತು. ವಾರದ ಮೊಟ್ಟೆ ಶನಿವಾರ ಬೆಳಿಗ್ಗೆಯೇ ಬರುತ್ತದೆಂದು ಮಾತ್ರ ತಿಳಿದಿರಲಿಲ್ಲ. ಆರು ಟ್ರೇ ಒಂದರ ಮೇಲೊಂದು ಹೊತ್ತುಕೊಂಡು ಅಡುಗೆಕೋಣೆಯ ಕಡೆ ನಡೆದಿದ್ದವನು, ಮೈಕಿನಲ್ಲಿ ಸೊಸೆಯ ದನಿ ಕೇಳಿ ನಿಂತ. ಮಗಳ ಹಾಗೆ ಸಾಕಿದ ಹುಡುಗಿ ಓದುತ್ತಿದ್ದಾಳೆಂಬ ಹೆಮ್ಮೆಗೆ ನಿಂತ. ಆ ಮುಖ ನಾನು ನೋಡಿದ್ದೇನೆ. ಕಣ್ಣಲ್ಲಿ ಕೆಂಡ ಇರಲಿಲ್ಲ.

“ಈ ತಿಂಗಳ ಯಶೋಗಾಥೆ,” ಮೋನಿಕಾ ಶುರು ಮಾಡಿದಳು. “ನಮ್ಮ ಜಿಲ್ಲೆಯ ಒಂದು ಕುಗ್ರಾಮ. ಅಲ್ಲೊಬ್ಬ ತಾಯಿಯಿಲ್ಲದ ತಬ್ಬಲಿ. ಅವಳನ್ನು ರಮ್ಯಾ ಎಂದು ಕರೆಯೋಣ. ಅವಳ ಎಳೆಯ ಕೊರಳಿಗೆ ತಾಳಿ ಬಿಗಿಯಲು ರಾಕ್ಷಸನಂಥ ಸೋದರಮಾವನೊಬ್ಬ ಹಗಲಿರುಳು ಹೊಂಚು ಹಾಕುತ್ತಿದ್ದ.”

ದನಿ ಒಂದು ಕೂದಲಷ್ಟು ತೆಳ್ಳಗಾಯಿತು. ನನ್ನ ಕಡೆ ನೋಡಿದಳು. ನಗಲಿಲ್ಲ.

ಆಗಲೇ ನಾನು ಓಡಿಹೋಗಿ ಮೈಕಿನ ವೈರು ಕೀಳಬಹುದಿತ್ತು. ನಾಲ್ಕು ತಾಲ್ಲೂಕಿನ ಮಹಾಶೂರ ನಾನು! ನಿಂತಲ್ಲೇ ನಿಂತೆ. ಅವಳಾದರೂ ಒಂದು ಪ್ಯಾರಾ ಹಾರಿಸಬಾರದೇ ಅಂತ ಬೇಡಿಕೊಂಡೆ. ಅವಳು ತಡವರಿಸಿದಳು. ಮುಂದಿನ ಸಾಲು ಅವಳ ಕಣ್ಣಿಗೆ ಬಿದ್ದಿತ್ತು.

“ಓದಮ್ಮ, ಜೋರಾಗಿ ಓದು,” ಅಂದರು ಏಕಾಂತಪ್ಪನವರು. “ಸಾರ್ ಖುದ್ದಾಗಿ ಬಂದವ್ರೆ.”

ಓದಿದಳು. ಬಸ್ ಸ್ಟ್ಯಾಂಡು, ಅಜ್ಜಿ, ನೇರಳೆ ಮಸಿ, ಹುಣಸೆಹಣ್ಣು, ಉಗುರಿನ ಸಂದಿ, ಪಿಂಚಣಿಯ ನೆಪ. ಒಂದು ಅಕ್ಷರ ನುಂಗಲಿಲ್ಲ. ‘ಸೋಮವಾರ ಆ ಬಾಲೆ ರಾಕ್ಷಸನ ಕೋಟೆಯಿಂದ ಶಾಶ್ವತವಾಗಿ ಪಾರಾಗಲಿದ್ದಾಳೆ’ ಎಂಬ ಕೊನೇ ಸಾಲನ್ನೂ ಓದಿ ಹಾಳೆ ಮಡಿಚಿದಳು. ಮಕ್ಕಳು ರೂಢಿಯಂತೆ ಚಪ್ಪಾಳೆ ತಟ್ಟಿದರು. ಏಕಾಂತಪ್ಪನವರ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು.

ಪಾಲಯ್ಯ ಬಗ್ಗಿ ಟ್ರೇಗಳನ್ನು ಜಗಲಿಯ ಮೇಲಿಟ್ಟ. ಒಂದು ಮೊಟ್ಟೆಯೂ ಒಡೆಯಲಿಲ್ಲ. ನಾನು ನೂರು ಒಡೆಸಬಲ್ಲೆ, ಆದರೆ ಒಡೆಯಲಿಲ್ಲ. ಮೈದಾನ ದಾಟಿ ಬಂದು ನನ್ನ ಮುಂದೆ ನಿಂತ.

“ನೀವೇನಾ ಸಾರ್ ಬರೆಯೋದು?”

ಮಾತಾಡಲು ಸರ್ಕಾರ ಸಂಬಳ ಕೊಡುವ ಮನುಷ್ಯ ಮಾತಾಡಲಿಲ್ಲ.

“ಚೆನ್ನಾಗೈತೆ. ಊರೆಲ್ಲ ಕೇಳಂಗೈತೆ. ನಾನು ಅವಳಿಗೆ ಸೈಕಲ್ ಕಲಿಸ್ದೋನು ಸಾರ್. ಅದೂ ಒಂದು ಸಾಲು ಬರೀಬೇಕಿತ್ತು.” ತಿರುಗಿ, “ಲೇ ಮೋನಿ, ಬಾ. ಹೋಗಾಣ,” ಅಂದ.

ಅವಳು ಮೈಕನ್ನು ಅದರ ಜಾಗದಲ್ಲಿಟ್ಟಳು. ಹಾಳೆಯನ್ನು ಏಕಾಂತಪ್ಪನವರ ಕೈಗೆ ಕೊಟ್ಟಳು. ಅವರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿ, “ಪಾಲಯ್ಯ, ಒಂದ್ನಿಮಿಷ ಬಾರಪ್ಪ, ಕುಂತು ಮಾತಾಡಾಣ,” ಎಂದು ಹಿಂದೆ ಓಡಿದರು. ಮೊಪೆಡ್ಡಿನ ಹಿಂದೆ ಕೂತವಳು ನನ್ನ ಕಡೆ ನೋಡಲಿಲ್ಲ. ಪ್ರಯೋಗಾಲಯದ ಕಿಟಕಿಯ ಕಡೆ ನೋಡಿದಳು.

ಅಲ್ಲೇ ನಿಂತು ಹತ್ತು ಒಂಬತ್ತು ಎಂಟಕ್ಕೆ ಫೋನ್ ಮಾಡಿದೆ. ಪೊಲೀಸರಿಗೂ ಮಾಡಿದೆ. ಅಧಿಕಾರಿಗಳು ಅವತ್ತು ಮಧ್ಯಾಹ್ನವೇ ಬಂದರು, ತಡ ಮಾಡಲಿಲ್ಲ. ಮನೆಗೆ ಬೀಗ ಬಿದ್ದಿತ್ತು. ಬೋರಕ್ಕ ತನ್ನ ಮನೆಯ ಬಾಗಿಲಲ್ಲಿ ನಿಂತು, “ನೆಂಟರ ಊರಿಗೆ ಹೋದ್ರು. ಯಾವ ಊರು ಅಂದ್ರೆ ನನಗೇನು ಗೊತ್ತು ಸ್ವಾಮಿ?” ಅಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಪೊಲೀಸರು ಹುಡುಕಿದರು, ಸುಳಿವು ಸಿಗಲಿಲ್ಲ.

ಸೋಮವಾರ ಏಳೂವರೆ ಬಸ್ಸು ನಿಂತ ಜಾಗದಲ್ಲಿ ನಾನು ನಿಂತಿದ್ದೆ. ಬಸ್ಸು ಹೋಯಿತು. ಹದಿನೈದು ದಿನ ಕಾದು ಹಾಸ್ಟೆಲಿನವರು ಸೀಟನ್ನು ಪಟ್ಟಿಯಲ್ಲಿದ್ದ ಮುಂದಿನ ಹುಡುಗಿಗೆ ಕೊಟ್ಟರು. ಉಷಾ ಮೇಡಂಗೆ ನಡೆದದ್ದನ್ನೆಲ್ಲ ಬರೆದು ರಾಜೀನಾಮೆ ಕಳಿಸಿದೆ. ಬೇರೆ ಯಾರೂ ಇಲ್ಲ, ನೂರಾ ಹನ್ನೊಂದು ಶಾಲೆ ಯಾರು ನೋಡ್ತಾರೆ ಅಂತ ವಾಪಸ್ ಕಳಿಸಿದರು. ಅಷ್ಟರಲ್ಲಿ ಆ ಎಂಟನೇ ಪುಟ ವಾಟ್ಸಾಪಿನಲ್ಲಿ ಬೇರೆ ಜಿಲ್ಲೆಗಳಿಗೂ ಹೋಗಿತ್ತು. ಈಗಲೂ ಯಾವುದೋ ಶಾಲೆಯ ಗೇಟಿನೊಳಗೆ ಕಾಲಿಟ್ಟರೆ ಯಾವುದೋ ಹುಡುಗಿ ಮೈಕಿನಲ್ಲಿ ಹುಣಸೆಹಣ್ಣು ಅನ್ನುವುದು ಕೇಳುತ್ತದೆ. ನಾನೇ ಸೂಚಿಸಿದ ಪದ್ಧತಿ, ನಿಲ್ಲಿಸಿ ಅಂತ ಎಲ್ಲರಿಗೂ ಬರೆದಿದ್ದೇನೆ. ನನ್ನ ವಾರ್ತೆಯಲ್ಲಿ ಬರೆದಿದ್ದೇನೆ. ಐದನೇ ಪುಟದಲ್ಲಿ.

ದೀಪಾವಳಿಗೆ ಎರಡು ವಾರ ಮುಂಚೆ ಹೊಸದುರ್ಗದ ಬಸ್ ಸ್ಟ್ಯಾಂಡಿನ ಅದೇ ಕಲ್ಲುಬೆಂಚಿನ ಮೇಲೆ ಜುಂಜಮ್ಮ ಕೂತಿದ್ದಳು. ಕಾಲು ಮುಟ್ಟಲು ಹೋದೆ. ಕಾಲು ಎಳೆದುಕೊಂಡಳು.

“ಆತು,” ಅಂದಳು. “ಹೋದ್ ಶುಕ್ರವಾರ. ಎಲ್ಲಿ ಅಂತ ಕೇಳಬ್ಯಾಡ.”

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

“ಸೋಮವಾರ ಬಸ್ ಹತ್ತಿಸಿ ಬಂದು ನಾನೇ ಹೇಳ್ತಿದ್ದೆ ಅವನಿಗೆ. ಎರಡು ದಿನ ಬೈತಿದ್ದ. ಮೂರು ದಿನ ಮಾತು ಬಿಡ್ತಿದ್ದ. ಆಮೇಲೆ ಅವನೇ ಹೋಗಿ ಅವಳಿಗೆ ತಿಂಡಿ ಕೊಟ್ಟು ಬರ್ತಿದ್ದ. ಈಗ, ‘ಊರ ಮುಂದೆ ರಾಕ್ಷಸ ಅನ್ನಿಸ್ಕಂಡ ಮೇಲೆ ಅವಳನ್ನ ಬಿಟ್ರೆ, ನಾನು ರಾಕ್ಷಸನೇ ಆಗಿದ್ದೆ ಅಂತ ಆಗ್ತೈತಲ್ಲವ್ವ’ ಅಂದ. ನಾನೇನು ಹೇಳ್ಲಿ?”

ಅವಳ ಹೆಬ್ಬೆಟ್ಟಿನ ಉಗುರು ಬೆಳೆದಿತ್ತು. ಅದರಲ್ಲಿ ಮಸಿಯ ಗುರುತು ಇರಲಿಲ್ಲ. ನನ್ನ ಚೀಲದಲ್ಲಿ ಆ ಕೆಂಪು ಹೊದಿಕೆಯ ಗಂಟು ಇತ್ತು. ಅವತ್ತಿನಿಂದ ಹೊತ್ತು ತಿರುಗುತ್ತಿದ್ದೆ. ತೆಗೆದು ನಡುವೆ ಇಟ್ಟೆ. ಅವಳು ಗಂಟನ್ನು ಮುಟ್ಟಿ ನೋಡಿ, ಒಳಗಿನ ತಟ್ಟೆಯನ್ನು ಗುರುತು ಹಿಡಿದು, ತನ್ನ ಚೀಲಕ್ಕೆ ಹಾಕಿಕೊಂಡಳು.

ಬಸ್ಸು ಬಂತು. ಎದ್ದು ಎರಡು ಹೆಜ್ಜೆ ಹೋದವಳು ತಿರುಗಿದಳು.

“ಅವತ್ತು ನಾನು ಇರ್ಲಿಲ್ಲ. ಚೆನ್ನಾಗಿ ಓದಿದ್ಲಾ?”

“ಓದಿದ್ಲು ಅಮ್ಮ.”

“ಎಲ್ಲೂ ತಪ್ಪಲಿಲ್ವಾ?”

“ಎಲ್ಲೂ ತಪ್ಪಲಿಲ್ಲ.”

ಮುದುಕಿ ತಲೆಯಾಡಿಸಿ ಬಸ್ಸು ಹತ್ತಿದಳು.